ಕರೆಂಟಿಲ್ಲದ ಹತ್ತು ದಿನ, ಹದಿಮೂರು ತಟ್ಟೆ

2019ರ ಆಗಸ್ಟ್ 6ರ ರಾತ್ರಿ ಒಂಬತ್ತೂವರೆಯ ಹೊತ್ತಿಗೆ ನಮ್ಮ ಮನೆಯ ಕರೆಂಟು ಹೋಯಿತು. ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಆಸುಪಾಸಿನ ನಮ್ಮ ಊರಿನಲ್ಲಿ ಮಳೆಗಾಲಕ್ಕೆ ಕರೆಂಟು ಹೋಗುವುದು ಹೊಸ ಸಂಗತಿಯಲ್ಲ. ಎರಡು ದಿನ ಬಾರದಿದ್ದರೂ ಯಾರೂ ಗಾಬರಿಯಾಗುವುದಿಲ್ಲ. ಆದರೆ ಆ ರಾತ್ರಿಯ ಗಾಳಿಗೆ ತೋಟದ ಸಿಲ್ವರ್ ಓಕ್ ಮರಗಳು ಮುರಿದು ಬೀಳುವ ಸದ್ದು ಒಂದರ ಹಿಂದೆ ಒಂದು ಕೇಳುತ್ತಲೇ ಇತ್ತು. ಬೆಳಿಗ್ಗೆ ನಮ್ಮವರು ರಸ್ತೆಯವರೆಗೂ ಹೋಗಿ ಬಂದು, ಕಣ್ಣಿಗೆ ಕಾಣುವಷ್ಟು ದೂರದಲ್ಲಿಯೇ ಏಳು ಕಂಬಗಳು ಮಲಗಿವೆ ಎಂದಾಗ, ಇದು ಎರಡು ದಿನದ ಮಾತಲ್ಲ ಎನ್ನುವುದು ನನಗೆ ಮನದಟ್ಟಾಯಿತು.

ಆಗ ಮನೆಯಲ್ಲಿ ನಾವು ಐದು ಜನ ಇದ್ದೆವು. ದಿನಕ್ಕೆರಡು ಬಾರಿ ಇನ್ಸುಲಿನ್ ತೆಗೆದುಕೊಳ್ಳುವ ಎಪ್ಪತ್ತನಾಲ್ಕು ವರ್ಷದ ಅತ್ತೆ, ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಿದ್ದ ನಾದಿನಿ, ನಾಲ್ಕು ವರ್ಷದ ಮಗ, ನಮ್ಮವರು ಮತ್ತು ನಾನು. ಅಕ್ಕಿಗೆ ಕೊರತೆಯಿರಲಿಲ್ಲ, ಮಲೆನಾಡಿನ ಮನೆಯಲ್ಲಿ ಮಳೆಗಾಲಕ್ಕೆ ಅಕ್ಕಿ, ಉಪ್ಪಿನಕಾಯಿ, ಹಪ್ಪಳಗಳಿಲ್ಲದೆ ಇರುವುದೇ ಇಲ್ಲ. ಹಾಗಾಗಿ ಯಾರೂ ಹಸಿದಿರುವ ಪ್ರಸಂಗ ಬರುವುದಿಲ್ಲವೆಂದು ಗೊತ್ತಿತ್ತು. ನನ್ನ ಚಿಂತೆ ಬೇರೆಯದಾಗಿತ್ತು. ಕತ್ತಲೆ, ಚಳಿ, ಹಸಿ ಸೌದೆ, ಕರೆಂಟಿಲ್ಲದೆ ನಿಂತ ಮಿಕ್ಸಿ ಇವೆಲ್ಲ ಸೇರಿದಾಗ ಅಡುಗೆಯೆಂಬುದು ಮೂರು ಹೊತ್ತೂ ಗಂಜಿ ಮತ್ತು ಉಪ್ಪಿನಕಾಯಿಗೆ ಬಂದು ನಿಲ್ಲುತ್ತದೆ. ಒಂದು ದಿನಕ್ಕೆ ಅದು ಹಿತವೇ. ಹತ್ತು ದಿನಕ್ಕೆ ಅದೇ ಆದರೆ, ಬಸುರಿಗೂ ಸಕ್ಕರೆ ಕಾಯಿಲೆಯವರಿಗೂ ಬೆಳೆಯುವ ಮಗುವಿಗೂ ಅದು ಹೊಟ್ಟೆ ತುಂಬಿಸುತ್ತದೆಯೇ ಹೊರತು ಮೈಗೆ ಬೇಕಾದುದನ್ನು ಕೊಡುವುದಿಲ್ಲ.

ಮೊದಲು ನೋಡಬೇಕಾಗಿದ್ದುದು ಫ್ರಿಜ್. ಬಾಗಿಲು ತೆರೆಯದೇ ಇದ್ದರೆ ಕೆಳಭಾಗದ ತಂಪು ಸುಮಾರು 4 ಗಂಟೆ ನಿಲ್ಲುತ್ತದೆ. ಮೇಲಿನ ಫ್ರೀಜರ್ ತುಂಬಿದ್ದರೆ 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ಎಂದು ಲೆಕ್ಕ. ರಾತ್ರಿಯೇ ನಾಲ್ಕು ಗಂಟೆ ಕಳೆದುಹೋಗಿತ್ತು. ಬೆಳಿಗ್ಗೆ ಒಂದೇ ಸಲ ಬಾಗಿಲು ತೆರೆದು, ಇದ್ದುದನ್ನೆಲ್ಲ ಮೇಜಿನ ಮೇಲೆ ಇಟ್ಟು, ಯಾವುದು ಮೊದಲು ಕೆಡುತ್ತದೆಯೋ ಅದನ್ನು ಮೊದಲು ಬಳಸುವಂತೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡೆ. ಹಿಂದಿನ ದಿನದ ತೊಂಡೆಕಾಯಿ ಪಲ್ಯವನ್ನು ಚೆಲ್ಲಿದೆ. ಇಡ್ಲಿ ಹಿಟ್ಟು ಹುಳಿಯುವ ಮೊದಲೇ ಅಂದೇ ಬೆಂದು ಮುಗಿಯಿತು. ಫ್ರೀಜರಿನ ಹಸಿಬಟಾಣಿಯಲ್ಲಿ ಇನ್ನೂ ಮಂಜಿನ ಹರಳು ಇದ್ದುದರಿಂದ ಅದನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡೆ, ತುರಿದ ಕಾಯನ್ನೂ ಅದಕ್ಕೇ ಹಾಕಿದೆ. ಮೂವತ್ತು ಕೋಳಿಮೊಟ್ಟೆ, ಟೊಮೆಟೊ, ನಿಂಬೆಹಣ್ಣು, ಕುಂಬಳಕಾಯಿಗಳಿಗೆ ಫ್ರಿಜ್‌ನ ಹಂಗಿಲ್ಲ. ಅವು ಕತ್ತಲೆ ಕೋಣೆಯ ನೆಲಕ್ಕೆ ಹೋದವು.

ಅತ್ತೆಯ ಇನ್ಸುಲಿನ್ ಸೀಸೆಗಳದ್ದೇ ದೊಡ್ಡ ಯೋಚನೆಯಾಗಿತ್ತು. ಬಳಸಲು ಆರಂಭಿಸಿದ ಸೀಸೆ ತಂಪಾದ ಕೋಣೆಯಲ್ಲಿ ಸುಮಾರು ನಾಲ್ಕು ವಾರ ಇರುತ್ತದೆಂದು ವೈದ್ಯರು ಹಿಂದೆಯೇ ಹೇಳಿದ್ದರು. ಆದರೂ ದಿನವಿಡೀ ಬೆಂಕಿ ಉರಿಯುವ ಮನೆಯಲ್ಲಿ ಮೇಜಿನ ಮೇಲೆ ಇಡಲು ಮನಸ್ಸಾಗಲಿಲ್ಲ. ಎರಡೂ ಸೀಸೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಒಂದು ಚಿಕ್ಕ ಕುಡಿಕೆಯಲ್ಲಿಟ್ಟು, ಆ ಕುಡಿಕೆಯನ್ನು ಸ್ವಲ್ಪ ನೀರು ಹಾಕಿದ ಮಣ್ಣಿನ ಮಡಕೆಯೊಳಗೆ ಇಳಿಸಿ, ಬಾಯಿಗೆ ಒದ್ದೆ ಬಟ್ಟೆ ಮುಚ್ಚಿ, ಒಲೆಯಿಂದ ಅತಿ ದೂರದ ದೇವರ ಕೋಣೆಯ ಮೂಲೆಯಲ್ಲಿ ಇಟ್ಟೆವು.

ಗ್ಯಾಸ್ ಸಿಲಿಂಡರ್ ಅರ್ಧ ಮುಗಿದಿತ್ತು, ಚಾರ್ಮಾಡಿ ಘಾಟಿ ಮುಚ್ಚಿ, ಒಳರಸ್ತೆಗಳೂ ಕಡಿದುಹೋಗಿದ್ದರಿಂದ ಇನ್ನೊಂದು ಬರುವ ಭರವಸೆ ಇರಲಿಲ್ಲ. ಅದನ್ನು ಬೆಳಗಿನ ಹಾಲಿಗೆ, ಮತ್ತು ರಾತ್ರಿ ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ ಬಿಸಿನೀರಿಗೆ ಎಂದು ಮೀಸಲಿಟ್ಟೆ. ಉಳಿದುದೆಲ್ಲ ಸೌದೆ ಒಲೆಯಲ್ಲೇ ಆಗಬೇಕಿತ್ತು. ಮಳೆಗಾಲಕ್ಕೆಂದು ಕೊಟ್ಟಿಗೆಯ ಪಕ್ಕ ಜೋಡಿಸಿದ್ದ ಸೌದೆಗೆ ಇರಚಲು ಹೊಡೆದು, ಮುಟ್ಟಿದರೆ ಕೈಗೆ ನೀರು ಹತ್ತುವಂತಾಗಿತ್ತು. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಅತ್ತೆ ವರ್ಷವರ್ಷವೂ ತುಂಬಿಸಿಡುತ್ತಿದ್ದ ಕಾಫಿ ಗಿಡದ ಕಡ್ಡಿ ಮತ್ತು ತೆಂಗಿನ ಕರಟಗಳಷ್ಟೇ ಒಣಗಿದ್ದವು. ಅವುಗಳಿಂದ ಬೆಂಕಿ ಹಚ್ಚಿ, ಹಸಿ ಸೌದೆಯನ್ನು ಒಲೆಯ ಎರಡೂ ಬದಿಗೆ ನಿಲ್ಲಿಸಿ, ಒಂದು ಅಡುಗೆಯ ಶಾಖದಲ್ಲಿ ಮುಂದಿನ ಅಡುಗೆಯ ಸೌದೆ ಒಣಗುವಂತೆ ಮಾಡುವುದನ್ನು ಎರಡನೆಯ ದಿನಕ್ಕೆ ಕಲಿತೆ. ಒಮ್ಮೆ ಹೊತ್ತಿದ ಬೆಂಕಿಯನ್ನು ವ್ಯರ್ಥ ಮಾಡುವಂತಿರಲಿಲ್ಲ. ಮೊದಲು ಕುಡಿಯುವ ನೀರು, ಆಮೇಲೆ ರಾತ್ರಿಯಿಡೀ ನೆನೆದ ಕಾಳು, ಅದರ ಹಿಂದೆ ಅನ್ನ, ಉರಿ ತಗ್ಗಿದ ಮೇಲೆ ಕೆಂಡದಲ್ಲಿ ಹಲಸಿನ ಬೀಜ, ಎಲ್ಲ ಮುಗಿದ ಮೇಲೆ ಬಿಸಿಬೂದಿಯ ಪಕ್ಕದಲ್ಲಿ ಹೆಪ್ಪು ಹಾಕಿದ ಹಾಲು. ಆ ಚಳಿಯಲ್ಲಿ ಬೇರೆಲ್ಲಿಟ್ಟರೂ ಮೊಸರು ಆಗುತ್ತಲೇ ಇರಲಿಲ್ಲ.

ಹೊಗೆಯ ಬಗ್ಗೆ ನಾನು ಬಹಳ ಕಟ್ಟುನಿಟ್ಟಾಗಿದ್ದೆ. ಇರಚಲು ಒಳಗೆ ಬಂದರೂ ಅಡುಗೆಮನೆಯ ಒಂದು ಕಿಟಕಿ ತೆರೆದೇ ಇರುತ್ತಿತ್ತು. ನಾದಿನಿ ಒಲೆಯ ಮುಂದೆ ಕೂರುವುದು ಬೇಡವೆಂದು ಹೇಳಿ, ಕಾಳು ಆರಿಸುವ, ಸೊಪ್ಪು ಬಿಡಿಸುವ ಕೆಲಸವನ್ನು ಹೊರಜಗಲಿಯಲ್ಲಿ ಕೊಟ್ಟೆ. ಚಳಿ ತಡೆಯಲಾರದೆ ರಾತ್ರಿ ಅಗ್ಗಿಷ್ಟಿಕೆಯ ಕೆಂಡವನ್ನು ಮಲಗುವ ಕೋಣೆಗೆ ತರೋಣವೆಂದು ನಮ್ಮವರು ಒಮ್ಮೆ ಕೇಳಿದಾಗ ನಾನು ಒಪ್ಪಲಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಮಲಗಿದವರಿಗೆ ಗೊತ್ತಾಗುವ ಮೊದಲೇ ಜೀವ ಹೋಗುತ್ತದೆ.

ಮೋಟಾರು ಇಲ್ಲದೆ ನೀರನ್ನು ಬಾವಿಯಿಂದ ರಾಟೆಯಲ್ಲಿ ಸೇದಿದೆವು. ಬಾವಿಯ ನೀರು ಕೆಂಪಗಾಗಿತ್ತು. ಅದನ್ನು ಹಂಡೆಯಲ್ಲಿ ತಿಳಿಯಾಗಲು ಬಿಟ್ಟು, ಪಂಚೆಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ, ಕುದಿ ಬಂದ ಮೇಲೂ ಐದು ನಿಮಿಷ ಕುದಿಸುತ್ತಿದ್ದೆ. ಒಂದು ನಿಮಿಷ ಮರಳಿದರೂ ಸಾಕೆಂದು ಹೇಳುತ್ತಾರಾದರೂ ಆ ಕೆಂಪು ಕಂಡ ಮೇಲೆ ನನಗೆ ಧೈರ್ಯ ಬರಲಿಲ್ಲ. ಪಾತ್ರೆ ತೊಳೆಯಲು ಸೂರಿನ ನೀರನ್ನೇ ಕೊಳಗಗಳಲ್ಲಿ ಹಿಡಿದೆವು. ಊಟದ ತಟ್ಟೆ ಮತ್ತು ಮಗುವಿನ ಲೋಟಕ್ಕೆ ಮಾತ್ರ ಕೊನೆಯಲ್ಲಿ ಕುದಿನೀರು ಸುರಿಯುತ್ತಿದ್ದೆ.

ಎಂಟನೆಯ ತಾರೀಕು ಬೆಳಿಗ್ಗೆ ನನ್ನ ಕೈಯಿಂದಲೇ ಒಂದು ತಪ್ಪಾಯಿತು. ಹಿಂದಿನ ರಾತ್ರಿ ಅನ್ನ ಮಿಕ್ಕಿತ್ತು. ಸೌದೆ ಉಳಿಸುವ ಆಸೆಯಿಂದ ಆ ಪಾತ್ರೆಯನ್ನು ಮುಚ್ಚಳ ಹಾಕಿ ಒಲೆಯ ದಂಡೆಯ ಮೇಲೆಯೇ ಬಿಟ್ಟಿದ್ದೆ. ಬೆಳಿಗ್ಗೆ ಮುಟ್ಟಿದಾಗಲೂ ಉಗುರುಬೆಚ್ಚಗಿತ್ತು. ವಾಸನೆಯೇನೂ ಇರಲಿಲ್ಲ. ಒಗ್ಗರಣೆ ಹಾಕಿ, ಚೆನ್ನಾಗಿ ಬಿಸಿಮಾಡಿ, ಮಗನಿಗೆ ಬಡಿಸಿ ನಾನೂ ತಿಂದೆ. ಮೂರು ಗಂಟೆ ಕಳೆಯುವಷ್ಟರಲ್ಲಿ ಇಬ್ಬರಿಗೂ ವಾಂತಿ ಆರಂಭವಾಯಿತು. ಮಗು ನಾಲ್ಕು ಸಲ ವಾಂತಿ ಮಾಡಿ ಬಾಳೆಸುಳಿಯಂತೆ ಬಾಡಿ ಮಲಗಿದಾಗ, ಆಸ್ಪತ್ರೆಗೆ ದಾರಿಯೇ ಇಲ್ಲವೆಂಬುದು ನೆನಪಾಗಿ ನನ್ನ ಕೈಕಾಲು ನಡುಗಿದವು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಚಹಾ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ, ಐದೈದು ನಿಮಿಷಕ್ಕೊಮ್ಮೆ ಒಂದೊಂದೇ ಚಮಚ ಕುಡಿಸುತ್ತಾ ಕುಳಿತೆ. ಸಂಜೆಯ ಹೊತ್ತಿಗೆ ಅವನು ಎದ್ದು ಕುಳಿತು ಹಸಿವು ಎಂದ.

ಅತ್ತೆ ಆ ದಿನ ನನ್ನನ್ನು ಬೈಯಲಿಲ್ಲ. ಪಾತ್ರೆಯನ್ನು ಮುಟ್ಟಿ ನೋಡಿ, ‘ಬಿಸಿಯೂ ಅಲ್ಲದ, ತಣ್ಣಗೂ ಅಲ್ಲದ ಜಾಗದಲ್ಲಿ ಅನ್ನ ಇಡಬಾರದು ಮಾರಾಯ್ತಿ’ ಎಂದಷ್ಟೇ ಹೇಳಿದರು. ಅವರು ಅನುಭವದಿಂದ ಹೇಳಿದ ಮಾತೇ ವಿಜ್ಞಾನದ ಮಾತೂ ಹೌದು. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ; ಅನ್ನ ಬೆಚ್ಚಗಿದ್ದಷ್ಟು ಹೊತ್ತು ಅವು ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ. ಬೆಂದ ಆಹಾರ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ 2 ಗಂಟೆಗಿಂತ ಹೆಚ್ಚು ಇರಬಾರದು ಎನ್ನುವ ನಿಯಮವನ್ನು ನಾನು ಹಿಂದೆ ಓದಿದ್ದೆ, ಆದರೆ ಒಲೆಯ ದಂಡೆಗೆ ಅದನ್ನು ಹೊಂದಿಸಿ ನೋಡಿರಲಿಲ್ಲ. ಅಂದಿನಿಂದ ಪ್ರತಿ ಹೊತ್ತಿಗೂ ಅಳೆದು ಅಕ್ಕಿ ಹಾಕಿದೆ. ಮಿಕ್ಕರೆ ದನಕ್ಕೆ ಹೋಯಿತೇ ಹೊರತು ಮುಂದಿನ ಹೊತ್ತಿಗೆ ಉಳಿಯಲಿಲ್ಲ.

ಒಂಬತ್ತನೆಯ ತಾರೀಕು ವರಮಹಾಲಕ್ಷ್ಮಿ ಹಬ್ಬ. ಕಲಶಕ್ಕೆ ಹೂವಿಡುವಷ್ಟರಲ್ಲಿಯೇ ಮಳೆ ಇನ್ನೂ ಜೋರಾಯಿತು. ಆ ದಿನ ನಮ್ಮ ತಾಲ್ಲೂಕಿನ ಹಲವು ಕಡೆ ಗುಡ್ಡಗಳು ಜಾರಿದವು. ರಾತ್ರಿ, ಅಂಗಳ ಬಿರುಕು ಬಿಟ್ಟ ಎರಡು ಮನೆಗಳವರು ಮಕ್ಕಳನ್ನು ಎತ್ತಿಕೊಂಡು ನಮ್ಮಲ್ಲಿಗೆ ಬಂದರು. ಎಂಟು ಜನ. ಅವರಲ್ಲಿ ಒಬ್ಬಳು ಹತ್ತು ತಿಂಗಳ ಕೂಸಿನ ಬಾಣಂತಿ ತಾಯಿ. ಅವರು ತಂದುದು ಉಟ್ಟ ಬಟ್ಟೆ, ಒಂದು ಚೀಲ ಹುರುಳಿ ಮತ್ತು ಒಂದು ಡಬ್ಬಿ ಬೆಲ್ಲ. ಹೀಗೆ ನಮ್ಮ ಮನೆಯಲ್ಲಿ ಹದಿಮೂರು ತಟ್ಟೆಗಳಾದವು, ಮತ್ತು ನಿಜವಾದ ಲೆಕ್ಕಾಚಾರ ಆಗ ಆರಂಭವಾಯಿತು.

ನಾನು ಅಕ್ಕಿಯನ್ನು ಲೆಕ್ಕ ಮಾಡುವುದನ್ನು ಬಿಟ್ಟು ಕಾಳನ್ನು ಲೆಕ್ಕ ಮಾಡತೊಡಗಿದೆ. ನೂರು ಗ್ರಾಂ ಅಕ್ಕಿಯಲ್ಲಿ ಏಳೆಂಟು ಗ್ರಾಂ ಪ್ರೋಟೀನ್ ಇದ್ದರೆ, ಅಷ್ಟೇ ತೂಕದ ಹೆಸರುಕಾಳಿನಲ್ಲೋ ಹುರುಳಿಯಲ್ಲೋ ಸುಮಾರು ಇಪ್ಪತ್ತೆರಡು ಗ್ರಾಂ ಇರುತ್ತದೆ. ದೊಡ್ಡವರ ತಲೆಗೆ ದಿನಕ್ಕೆ ಸುಮಾರು 80 ಗ್ರಾಂ ಕಾಳು ಅಥವಾ ಬೇಳೆ, ಅಂದರೆ ನನ್ನ ಕೈಯ ಎರಡು ತುಂಬು ಹಿಡಿ. ಹೆಸರುಕಾಳು ಮೂರು ಕೆಜಿ, ತೊಗರಿಬೇಳೆ ಎರಡು ಕೆಜಿ, ಶೇಂಗಾ ಒಂದು ಕೆಜಿ, ಅವರು ತಂದ ಹುರುಳಿ ನಾಲ್ಕು ಕೆಜಿ. ಹಿಡಿ ಹಾಕಿ ನೋಡಿದರೆ ಹತ್ತು ದಿನಕ್ಕೆ ಸಾಲುತ್ತಿತ್ತು. ಬಡಿಸುವ ಕ್ರಮವನ್ನೂ ಬದಲಿಸಿದೆ: ತಟ್ಟೆಗೆ ಮೊದಲು ಕಾಳು, ಆಮೇಲೆ ಸೊಪ್ಪು, ಕೊನೆಯಲ್ಲಿ ಅನ್ನ. ಅನ್ನದ ಗುಡ್ಡೆಯ ಮೇಲೆ ಸಾರು ಹೊಯ್ದು ಉಂಡು ಅಭ್ಯಾಸವಿದ್ದವರಿಗೆ ಇದು ವಿಚಿತ್ರವೆನಿಸಿತು. ಆದರೆ ಸಾರಿನ ತಳದ ಕಾಳು ಪಾತ್ರೆಯಲ್ಲೇ ಉಳಿದು ಬರೀ ತಿಳಿ ತಟ್ಟೆಗೆ ಬೀಳುವುದನ್ನು ನಾನು ಎರಡು ದಿನ ಗಮನಿಸಿದ್ದೆ.

ಹೆಸರುಕಾಳನ್ನು ಮೊಳಕೆ ಕಟ್ಟಿದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬೇಸಿಗೆಯಲ್ಲಾದರೆ ರಾತ್ರಿ ಗಂಟು ಕಟ್ಟಿದರೆ ಬೆಳಿಗ್ಗೆ ಮೊಳಕೆ ಕಾಣುತ್ತದೆ. ಆ ಚಳಿಯಲ್ಲಿ ಹಾಗಾಗಲಿಲ್ಲ. ಕುದಿಸಿ ಆರಿಸಿದ ನೀರಿನಲ್ಲಿ ಹತ್ತು ಗಂಟೆ ನೆನೆಸಿ, ಹಳೆಯ ಪಂಚೆಯ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ಒಲೆಯಿಂದ ನಾಲ್ಕು ಅಡಿ ಎತ್ತರದ ಅಟ್ಟದ ಗೂಟಕ್ಕೆ ತೂಗುಹಾಕಿದೆ. ಬೆಳಿಗ್ಗೆ ಸಂಜೆ ಗಂಟನ್ನು ಇಳಿಸಿ, ಮೂಗಿಗೆ ಹಿಡಿದು ನೋಡಿ, ಹೊಸ ನೀರಿನಲ್ಲಿ ಒಮ್ಮೆ ಅದ್ದಿ ಹಿಂಡಿ ಮತ್ತೆ ತೂಗುಹಾಕುವುದು. ಹುಳಿ ವಾಸನೆ ಬಂದರೆ ಅಥವಾ ಬಟ್ಟೆ ಲೋಳೆಯಾದರೆ ಅದು ಆಗದು. ಎರಡನೆಯ ರಾತ್ರಿ ಕಳೆದ ಬೆಳಿಗ್ಗೆ ಗಂಟು ಬಿಚ್ಚಿದಾಗ ಪ್ರತಿ ಕಾಳಿನಿಂದಲೂ ಭತ್ತದ ಕಾಳಿನಷ್ಟು ಉದ್ದದ ಬಿಳಿ ಬಾಲ ಹೊರಟಿತ್ತು, ಕೆಲವು ಬಟ್ಟೆಯ ನೂಲಿನ ಸಂದಿಯಿಂದಲೇ ಹೊರಗೆ ಇಣುಕಿದ್ದವು. ಮಗ ಒಂದೊಂದನ್ನೇ ಎಳೆದು ತೆಗೆಯುತ್ತಾ ಎಣಿಸತೊಡಗಿದ. ಒಣ ಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿರುವ ಸಿ ವಿಟಮಿನ್ ಮೊಳಕೆಯಲ್ಲಿ ಹುಟ್ಟುತ್ತದೆ, ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕಡಿಮೆಯಾಗುತ್ತದೆ, ಬೇಯುವುದಕ್ಕೆ ಸೌದೆಯೂ ಕಡಿಮೆ ಸಾಕು. ಆದರೆ ಆ ದಿನಗಳಲ್ಲಿ ಹಸಿಯಾಗಿ ಯಾರಿಗೂ ಕೊಡಲಿಲ್ಲ. ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿ, ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡುತ್ತಿದ್ದೆ. ಒಂದು ಗಂಟು ಇಳಿಯುವ ದಿನ ಇನ್ನೊಂದು ಏರುತ್ತಿತ್ತು.

ಮಿಕ್ಸಿಯ ಜಾಗಕ್ಕೆ ಒರಳುಕಲ್ಲು ಬಂತು. ಮೂರು ವರ್ಷದಿಂದ ಅದರ ಮೇಲೆ ಗೋಣಿಚೀಲ ಹೊದಿಸಿ ಡಬ್ಬಿಗಳನ್ನಿಟ್ಟಿದ್ದೆವು. ಕಲ್ಲು ತೊಳೆದು, ಮೊದಲ ಸಲ ಹಿಡಿ ಅಕ್ಕಿ ಅರೆದು ಚೆಲ್ಲಿ, ಆಮೇಲೆ ಒಂದೆಲಗ ಮತ್ತು ದೊಡ್ಡಪತ್ರೆಯ ತಂಬುಳಿಗೆ ಅರೆದೆ. ಬಂದವರಲ್ಲಿ ಒಬ್ಬ ಹಿರಿಯ ಹೆಂಗಸು ಹುರಿದ ಹುರುಳಿಗೆ ಒಣಮೆಣಸು, ಹುಣಸೆಹಣ್ಣು, ಕಾಯಿ ಸೇರಿಸಿ ಚಟ್ನಿ ಅರೆದರು. ಆ ಚಟ್ನಿಯ ಘಮಕ್ಕೆ, ಎರಡು ದಿನದಿಂದ ಸರಿಯಾಗಿ ಊಟ ಮಾಡದಿದ್ದ ಅವರ ಮನೆಯವರೂ ತಟ್ಟೆಯ ಮುಂದೆ ಬಂದು ಕುಳಿತರು. ಬೀಸುವ ಕಲ್ಲಿನಲ್ಲಿ ಅಕ್ಕಿ ತರಿ ಒಡೆದು ಕಡುಬು ಮಾಡಿದೆವು. ಕೂಸಿಗೆ ರಾಗಿಹಿಟ್ಟು ಮತ್ತು ಹುರಿದು ಬೀಸಿದ ಹೆಸರುಬೇಳೆಯ ಹಿಟ್ಟನ್ನು ಎರಡಕ್ಕೊಂದರಂತೆ ಬೆರೆಸಿ, ಹಾಲಿನಲ್ಲಿ ಬೇಯಿಸಿ, ಒಂದು ಹನಿ ತುಪ್ಪ ಹಾಕಿ ಕೊಡುತ್ತಿದ್ದೆವು. ಜೊತೆಗೆ ತಾಯಿಹಾಲು ಇದ್ದೇ ಇತ್ತು.

ರಾಗಿಯನ್ನು ನಮ್ಮ ಕಡೆ ಅಷ್ಟಾಗಿ ಉಣ್ಣುವುದಿಲ್ಲ. ಆದರೆ ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ ಸುಮಾರು 120. ಹಸು ಎರಡೂ ಹೊತ್ತು ಸೇರಿ ಎರಡು ಲೀಟರ್ ಕೊಡುತ್ತಿತ್ತು, ಹದಿಮೂರು ಜನಕ್ಕೆ ಅದು ಸಾಲದು. ಆದ್ದರಿಂದ ಹಾಲು ಮಕ್ಕಳಿಗೆ, ಬಸುರಿಗೆ, ಬಾಣಂತಿಗೆ. ಉಳಿದವರಿಗೆ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ. ಮೊಟ್ಟೆಯನ್ನೂ ಹೀಗೆಯೇ ಹಂಚಿದೆ. ಮೊಟ್ಟೆ ಎಲ್ಲರಿಗೂ ಸಮಪಾಲಾಗಬೇಕೆಂದು ನನಗೆ ಅನಿಸಲಿಲ್ಲ, ಗಂಡಸರೂ ಬೇಸರಿಸಲಿಲ್ಲ. ನಾದಿನಿಯ ಕಬ್ಬಿಣದ ಮಾತ್ರೆ ಊಟದ ಜೊತೆ, ನಿಂಬೆ ಹಿಂಡಿದ ಕಾಳಿನೊಂದಿಗೆ ಹೋಗುತ್ತಿತ್ತು. ಚಹಾ, ಹಾಲುಗಳು ಆ ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲವಾದ್ದರಿಂದ ಎರಡು ಗಂಟೆ ಬಿಟ್ಟು ಕೊಡುತ್ತಿದ್ದೆ. ‘ಅತ್ತಿಗೆ, ಈ ಮಳೆಗೆ ಒಂದು ಲೋಟ ಚಹಾ ಈಗಲೇ ಕೊಡಿ’ ಎಂದು ಅವಳು ಬೇಡಿಕೊಂಡಾಗ ಸಂಕಟವಾಗುತ್ತಿತ್ತು.

ಸೊಪ್ಪಿಗೆ ಹೊಳೆಯ ಬದಿಯ ಗದ್ದೆಗೆ ಹೋಗಬಾರದೆಂದು ಎಲ್ಲರಿಗೂ ಹೇಳಿದ್ದೆ. ಪ್ರವಾಹದ ನೀರು ನಿಂತ ಕಡೆ ಸತ್ತ ಪ್ರಾಣಿ, ಕೊಟ್ಟಿಗೆಯ ಗಂಜಲ ಎಲ್ಲವೂ ಹರಿದಿರುತ್ತದೆ. ಮನೆಯ ಹಿಂದಿನ ದಿಬ್ಬದ ಕೆಸು, ಬಸಳೆ, ಕುಂಬಳದ ಕುಡಿ ನಮಗೆ ಸಾಕಾಯಿತು. ಕೆಸುವಿಗೆ ಹುಣಸೆಹಣ್ಣು ಹಾಕಿ ಚೆನ್ನಾಗಿ ಬೇಯಿಸಿದರೆ ಗಂಟಲು ತುರಿಸುವುದಿಲ್ಲ. ಬಿದಿರ ಮೆಳೆಯಲ್ಲಿ ಕಳಲೆ ಮೂಡಿತ್ತು, ಆದರೆ ಅದರ ವಿಷ ಹೋಗಲು ಎರಡು ಮೂರು ದಿನ ನೀರು ಬದಲಿಸಬೇಕು; ಸೇದಿ ತಂದ ಬಾವಿ ನೀರನ್ನು ಅದಕ್ಕೆ ಸುರಿಯಲು ಮನಸ್ಸು ಬಾರದೆ ಬಿಟ್ಟುಬಿಟ್ಟೆವು.

ಹನ್ನೊಂದನೆಯ ತಾರೀಕು ರಾತ್ರಿ ಒಲೆ ಎಷ್ಟು ಊದಿದರೂ ಹೊತ್ತಲಿಲ್ಲ. ಅತ್ತೆ ವಾಡಿಕೆಯ ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಂಡಿದ್ದರು. ಅಡುಗೆ ತಡವಾಗುವುದನ್ನು ಅವರಿಗೆ ಹೇಳಲು ಹೊಗೆಯ ಗಡಿಬಿಡಿಯಲ್ಲಿ ನಾನು ಮರೆತಿದ್ದೆ. ಸ್ವಲ್ಪ ಹೊತ್ತಿನಲ್ಲಿ ಅವರ ಹಣೆ ಬೆವರಿ, ಕೈ ನಡುಗಿ, ಮಾತು ತೊದಲಿತು. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಪಕ್ಕದಲ್ಲಿ ಕುಳಿತು, ಸುಧಾರಿಸಿಕೊಂಡ ಮೇಲೆ ಬಾಳೆಹಣ್ಣು ಕೊಟ್ಟೆ. ಮರುದಿನದಿಂದ ಅವರ ತಟ್ಟೆ ಮುಂದೆ ಬಂದು, ಅದರಲ್ಲಿ ಊಟ ಇದೆಯೆಂದು ಕಣ್ಣಾರೆ ಕಂಡ ಮೇಲೆಯೇ ಸಿರಿಂಜು ಹೊರಬರಬೇಕೆಂದು ನಿಯಮ ಮಾಡಿದೆವು. ಒಲೆ ಕೈಕೊಟ್ಟರೂ ತಿನ್ನಲು ಏನಾದರೂ ಇರಲೆಂದು ಹುರಿದ ಶೇಂಗಾ ಮತ್ತು ಅವಲಕ್ಕಿಯ ಡಬ್ಬಿಯೊಂದು ಅವರ ಮಂಚದ ಪಕ್ಕದಲ್ಲಿ ಇರುತ್ತಿತ್ತು.

ಕಂಬ ನಿಲ್ಲಿಸಲು ಬಂದ ಲೈನ್‌ಮನ್‌ಗಳು ಕೆಸರಿನಲ್ಲಿ ಮೊಣಕಾಲುದ್ದ ಹೂತು ಕೆಲಸ ಮಾಡುತ್ತಿದ್ದರು. ಅವರಿಗೂ ಒಂದು ಮಧ್ಯಾಹ್ನ ಹುರುಳಿ ಸಾರು, ಕಡುಬು ಕಳಿಸಿದೆವು. ಹದಿನಾರನೆಯ ತಾರೀಕು ಸಂಜೆ ದೀಪ ಹತ್ತಿದಾಗ ಮಕ್ಕಳು ಕೂಗಿದ ಕೂಗು ಇನ್ನೂ ನೆನಪಿದೆ. ನಾನು ಫ್ರಿಜ್ಜಿನ ಒಳಗನ್ನು ಅಡುಗೆಸೋಡಾದ ನೀರಿನಲ್ಲಿ ಒರೆಸಿ, ಬಾಗಿಲು ತೆರೆದು ಒಣಗಲು ಬಿಟ್ಟು, ಆ ರಾತ್ರಿಯ ಚಟ್ನಿಯನ್ನು ಕಲ್ಲಿನಲ್ಲೇ ಅರೆದು ಮುಗಿಸಿದೆ. ಬಂದಿದ್ದ ಎರಡು ಮನೆಯವರು ಇನ್ನೂ ಹದಿನೈದು ದಿನ ನಮ್ಮಲ್ಲೇ ಇದ್ದರು.

ಈಗ ಪ್ರತಿ ವರ್ಷ ಮೇ ತಿಂಗಳ ಕೊನೆಗೆ ನಮ್ಮ ಕತ್ತಲೆ ಕೋಣೆಯ ಬಾಗಿಲಿನ ಹಿಂದೆ ಒಂದು ಚೀಟಿ ಅಂಟುತ್ತದೆ. ರಾಗಿಹಿಟ್ಟು ಐದು ಕೆಜಿ, ಹೆಸರುಕಾಳು ಐದು, ಹುರುಳಿ ಐದು, ಶೇಂಗಾ ಎರಡು, ಬೆಲ್ಲ, ಅವಲಕ್ಕಿ, ಕೆಮ್ಮಣ್ಣಿನಲ್ಲಿ ಮುಚ್ಚಿಟ್ಟ ಹಲಸಿನ ಬೀಜ, ಉಪ್ಪಿನಲ್ಲಿ ಹಾಕಿದ ಸೊಳೆ, ಓಆರ್‌ಎಸ್ ಪೊಟ್ಟಣ ಹತ್ತು, ಅತ್ತೆಗೆ ಎರಡು ತಿಂಗಳ ಔಷಧಿ, ಬಚ್ಚಲ ಅಟ್ಟದ ತುಂಬ ಕಾಫಿ ಕಡ್ಡಿ. ಒಂದೊಂದು ಒಳಗೆ ಬಂದಂತೆ ಅತ್ತೆ ಕನ್ನಡಕ ಏರಿಸಿ, ಪೆನ್ಸಿಲಿನಲ್ಲಿ ಅದರ ಮುಂದೆ ಗೆರೆ ಎಳೆಯುತ್ತಾರೆ. ಅಟ್ಟದ ಕಡ್ಡಿಗೆ ಮಾತ್ರ, ತಾವೇ ಕೈಯಿಟ್ಟು ಮುರಿದು ನೋಡದೆ ಗೆರೆ ಬೀಳುವುದಿಲ್ಲ.